ಮುತ್ತಿನ ಪೆನ್ನು ಮತ್ತು ನನ್ನ ಹೊಟ್ಟೆ

ಚೌಕಾಸಿ ಮಾಡುವವನಿಗೆ ಅಂಗಡಿಯಿಂದ ಹೊರಗೆ ನಡೆಯುವ ಕಲೆ ಗೊತ್ತಿರಬೇಕು. ಬೇಗ ನಡೆದರೆ ನಿಜವಾಗಿಯೂ ಹೋದನೆಂದು ಅಂಗಡಿಯವನು ಕೈಬಿಡುತ್ತಾನೆ. ನಿಧಾನಿಸಿದರೆ ಇವನು ಹೋಗಲಾರನೆಂದು ಪತ್ತೆ ಹಚ್ಚುತ್ತಾನೆ. ಮನಾಮಾದ ಪೇಟೆಯಲ್ಲಿ ಮೂವತ್ತು ವರ್ಷ ಪಳಗಿದ ನನ್ನ ಅಳತೆ ಏಳು ಹೆಜ್ಜೆ. ನಾಲ್ಕನೆಯದಕ್ಕೆ ನಿಟ್ಟುಸಿರು, ಐದನೆಯದಕ್ಕೆ ಬಾಗಿಲ ಹಿಡಿಕೆ, ಏಳನೆಯದು ಬೀದಿಯಲ್ಲಿ. ಅಷ್ಟರೊಳಗೆ ಪೆನ್ನಿನಂಗಡಿಯ ಹಾಜಿ ಗುಲೂಮನ ಕೂಗು ಬಂದೇ ಬರುತ್ತದೆ: "ಹಿಲಾಲ್ ಜಾನ್, ಬಾ ಬಾ, ನಮ್ನಮ್ಮಲ್ಲಿ ಎಂಥಾ ಸಿಟ್ಟು ಜಾನ್!" ಅವನಿಂದ ಇದುವರೆಗೆ ನಾನು ಕೊಂಡ ಹನ್ನೊಂದು ಪೆನ್ನುಗಳೂ ಏಳನೆಯ ಹೆಜ್ಜೆಯ ಫಲಗಳು.

ಆ ಬುಧವಾರ ಎಂಟನೆಯ ಹೆಜ್ಜೆ ಇಟ್ಟೆ. ಒಂಬತ್ತನೆಯದನ್ನೂ ಇಟ್ಟೆ. ಕೂಗು ಬರಲಿಲ್ಲ.

ಒಳಗೆ ಬಿಟ್ಟು ಬಂದದ್ದು ಎಂಥ ಪೆನ್ನೆಂದು ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯದು. ಇಟಲಿಯ ಯಾರೋ ಪುಣ್ಯಾತ್ಮರು ಮುತ್ತು ತೆಗೆಯುವವರ ನೆನಪಿಗೆಂದು ಮಾಡಿದ್ದು. ಲೋಕಕ್ಕೆಲ್ಲ ಸೇರಿ ತೊಂಬತ್ತಮೂರೇ. ಮೈಗೆ ಚಿಪ್ಪಿನ ಒಳಹೊಳಪನ್ನು ಸೀಳು ಸೀಳಾಗಿ ಕೂರಿಸಿದ್ದಾರೆ. ಒಂದು ಕಡೆಯಿಂದ ನೋಡಿದರೆ ನಸುಗೆಂಪು, ತಿರುಗಿಸಿದರೆ ಮಂಜಿನ ನೀಲಿ. ಜೇಬಿಗೆ ಸಿಕ್ಕಿಸುವ ಕೊಕ್ಕೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ನಿಜವಾದ ಮುತ್ತು, ಅದೂ ನಮ್ಮದೇ ಸಮುದ್ರದ್ದು. ಮುಚ್ಚಳದ ಬಳೆಯಲ್ಲಿ ಅದರದರ ಸಂಖ್ಯೆ ಕೊರೆದಿದ್ದಾರೆ. ನಮ್ಮ ದ್ವೀಪಕ್ಕೆ ಬಂದದ್ದು ಎರಡು. ಒಂದು ಪೆಟ್ಟಿಗೆ ಬಿಚ್ಚುವ ಮೊದಲೇ ಯಾವುದೋ ದೊಡ್ಡವರ ಮನೆಗೆ ಹೋಯಿತು. ಉಳಿದದ್ದು ಅರವತ್ತೊಂದನೆಯದು. ಅದರ ನಿಬ್ಬು ನೋಡಿ ನಿಬ್ಬೆರಗಾದವನು ನಾನು. ಮೂರು ಸಲ ಹೋಗಿ ಮಸಿಯಲ್ಲಿ ಅದ್ದಿ ಬರೆದು ನೋಡಿದ್ದೆ. ಅರಬ್ಬೀ ಅಕ್ಷರದ ಹೊಟ್ಟೆ ತಿರುಗುವಲ್ಲಿ ಅದು ತಾನಾಗಿ ದಪ್ಪವಾಗಿ, ಬಾಲ ಎಳೆಯುವಲ್ಲಿ ತಾನಾಗಿ ಸಣ್ಣಗಾಗುತ್ತಿತ್ತು. ಇಪ್ಪತ್ತೇಳು ವರ್ಷ ಹುಡುಗರಿಗೆ ಅರಬ್ಬೀ ವ್ಯಾಕರಣ ಕಲಿಸಿದ ಕೈಗೆ ಮೊದಲ ಸಲ ಯಾರೋ ಮರ್ಯಾದೆ ಕೊಟ್ಟಂತಾಯಿತು.

ಕೂಗು ಬರದಿದ್ದರೂ ತಿರುಗಿ ಹೋಗಲು ಮಾನ ಬಿಡಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಕುಳಿತೆ. ಹಾಜಿ ಇವತ್ತು ಹಟಕ್ಕೆ ಬಿದ್ದಿದ್ದಾನೆ, ಒಂದು ಲೋಟ ಮುಗಿಯುವಷ್ಟರಲ್ಲಿ ಬಾಗಿಲಿಗೆ ಬಂದು ಕೈಬೀಸುತ್ತಾನೆ ಎಂದುಕೊಂಡೆ. ಎರಡನೆಯ ಲೋಟ ಅರ್ಧಕ್ಕೆ ಬಂದಾಗ ಬಾಗಿಲು ತೆರೆಯಿತು. ಬಂದವನು ಹಾಜಿಯಲ್ಲ, ಸನದ್. ಕೈಯಲ್ಲಿ ಕಂದು ತೊಗಲಿನ ಪೆಟ್ಟಿಗೆ. ಹೆರಿಗೆ ಆಸ್ಪತ್ರೆಯಿಂದ ಹೊರಬರುವ ಅಪ್ಪಂದಿರು ಮಗುವನ್ನು ಹಾಗೆ ಹಿಡಿದಿರುತ್ತಾರೆ.

ಸನದ್ ನನ್ನ ಬಾಲ್ಯದ ಗೆಳೆಯ. ಮುಹರ್ರಕ್ ಊರಿನ ಒಂದೇ ಓಣಿಯಲ್ಲಿ ಬೆಳೆದವರು. ಬಂದರಿನ ಹತ್ತಿರ ದೋಣಿ ಇಂಜಿನ್ನಿನ ಬಿಡಿಭಾಗ ಮಾರುತ್ತಾನೆ. ಅವನ ಸಹಿ ನೋಡಿದರೆ ಮೀನಿನ ಬಲೆಗೆ ಏಡಿ ಸಿಕ್ಕಿಕೊಂಡಂತಿರುತ್ತದೆ.

"ಏನೋ ಇಲ್ಲಿ?" ಎಂದೆ, ರಸ್ತೆ ದಾಟಿ.

"ಏನಿಲ್ಲ ಉಸ್ತಾದ್, ಒಂದು ಪೆನ್ನು ತಗೊಂಡೆ."

"ಪೆನ್ನಾ? ನೀನಾ? ಯಾರಿಗೆ?"

"ಯಾರಿಗೆ ಅಂದ್ರೆ? ನಂಗೆ! ನೀನೇ ತಾನೇ ಮೊನ್ನೆ ಅಷ್ಟು ಹೊತ್ತು ಹೇಳಿದ್ದು, ಅದು ಪೆನ್ನಲ್ಲ, ಪೆನ್ನುಗಳ ಮದುಮಗಳು ಅಂತ?"

ಹೇಳಿದ್ದೆ. ಹಿಂದಿನ ಶುಕ್ರವಾರ ಬು ಜಬ್ರ್‌ನ ಮನೆಯ ಮಜ್ಲಿಸ್‌ನಲ್ಲಿ, ಹರಟೆಗೆ ಸೇರಿದ ಹದಿನೈದು ಜನರ ಎದುರು, ಹಾಜಿ ಗುಲೂಮನ ದನಿಯಲ್ಲಿ. ಅವನ ಹಾಗೆ ಕಣ್ಣು ಅರ್ಧ ಮುಚ್ಚಿ, ಪೆನ್ನಿಲ್ಲದ ಬೆರಳುಗಳಲ್ಲಿ ಪೆನ್ನು ಹಿಡಿದು, "ನೋಡು ಜಾನ್, ಮುಟ್ಟಬೇಡ ಜಾನ್, ಉಸಿರು ಬಿಡಬೇಡ ಜಾನ್" ಎಂದು ಆಡಿ ತೋರಿಸಿದ್ದೆ. ಬು ಜಬ್ರ್‌ನಿಗೆ ನಗುವಿನಿಂದ ಕೆಮ್ಮು ಹತ್ತಿ ಬೆನ್ನು ತಟ್ಟಬೇಕಾಯಿತು. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದಿದ್ದೆ. ಮಾಡಿದ್ದು ಬಿಟ್ಟಿ ಜಾಹೀರಾತು.

ಸನದ್ ಹೋದ ಮೇಲೆ ಹಾಜಿಯ ಮೇಲೆ ಎರಗಿದೆ.

"ನನ್ನ ಯಾಕೆ ಕರೀಲಿಲ್ಲ?"

"ಹಿಲಾಲ್ ಜಾನ್, ನಿನ್ನಾಣೆ, ನೀನು ಬಾಗಿಲ ಹಿಡಿಕೆ ಹಿಡ್ದಾಗ ಅವನು ಹಿಂದಿನ ಬಾಗಿಲಿಂದ ಬಂದ. ಬೆಲೆ ಕೇಳ್ದ. ಹೇಳ್ದೆ. ಕೊಟ್ಟ." ಹಾಜಿಯ ಮುಖ ಇಳಿದಿತ್ತು. "ಒಂದು ಮಾತು ಚೌಕಾಸಿ ಇಲ್ಲ ಜಾನ್. ನಲವತ್ತು ವರ್ಷದಲ್ಲಿ ನಂಗೆ ಇಂಥ ಅವಮಾನ ಆಗಿಲ್ಲ."

ಅವನ ಅವಮಾನ ಅವನಿಗೆ. ನನ್ನದು ಬೇರೆ. ನನ್ನಜ್ಜ ಮುತ್ತಿಗಾಗಿ ಸಮುದ್ರದ ತಳಕ್ಕೆ ಇಳಿಯುತ್ತಿದ್ದವನು. ಸನದ್‌ನ ಅಜ್ಜ ಅದೇ ದೋಣಿಯಲ್ಲಿ ಮೇಲೆ ಕುಳಿತು ಹಗ್ಗ ಹಿಡಿಯುತ್ತಿದ್ದವನು. ಮೂಗಿಗೆ ಚಿಮಟಿ ಹಾಕಿಕೊಂಡು ಉಸಿರು ಬಿಗಿಹಿಡಿದು ಶ್ವಾಸಕೋಶ ಹಾಳು ಮಾಡಿಕೊಂಡದ್ದು ನಮ್ಮ ಮನೆ; ಮುತ್ತಿನ ಪೆನ್ನು ಹೋದದ್ದು ಹಗ್ಗದ ಮನೆಗೆ. ಮುತ್ತಿಗೆ ಹಾಕುವುದೆಂದರೆ ಏನೆಂದು ಆ ಮೂರು ದಿನ ನನ್ನ ತಲೆಗೆ ಗೊತ್ತಾಯಿತು. ಊಟಕ್ಕೆ ಕುಳಿತರೆ ಅನ್ನದ ಕಾಳೆಲ್ಲ ಕೊಕ್ಕೆಯ ತುದಿಯ ಹಾಗೆ ಕಾಣುತ್ತಿತ್ತು. ನನ್ನ ಹೆಂಡತಿಯ ಹೆಸರು ಮೋಜಾ. ಆದರೆ ನನ್ನ ಮೋಜುಗಳು ಯಾವುವೂ ಅವಳಿಗೆ ಹಿಡಿಸುವುದಿಲ್ಲ. "ಹನ್ನೊಂದಿವೆ. ಅವುಗಳಲ್ಲೊಂದು ತಗೊಂಡು 'ನಂಗೆ ಬುದ್ಧಿ ಇಲ್ಲ' ಅಂತ ನೂರು ಸಲ ಬರೀರಿ, ಸರಿಹೋಗತ್ತೆ," ಎಂದಳು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ನಮ್ಮ ಓಣಿಯ ಗಂಡಸರೆಲ್ಲ ಬು ಜಬ್ರ್‌ನ ಮಜ್ಲಿಸ್‌ನಲ್ಲಿ ಸೇರುತ್ತೇವೆ. ಉದ್ದನೆಯ ಕೋಣೆ, ಮೂರು ಗೋಡೆಗೂ ಮೆತ್ತೆ, ನಡುವೆ ಕಾಫಿ. ಬು ಜಬ್ರ್ ಹಿಂದೆ ಹಡಗಿನ ನಾಯಕನಾಗಿದ್ದವನು. ಎದುರುಗಾಳಿಗೆ ಕೂಗಿ ಕೂಗಿ ಅಭ್ಯಾಸವಾಗಿ, ಪಕ್ಕದಲ್ಲಿ ಕುಳಿತವನಿಗೆ ಸಕ್ಕರೆ ಬೇಕೇ ಎಂದು ಕೇಳುವುದನ್ನೂ ಅರ್ಧ ಬಂದರಿಗೆ ಕೇಳಿಸುತ್ತಾನೆ. ಅವನ ಬಲಗಡೆಯ ಮೆತ್ತೆ ಊರಿಗೆ ಬೇಕಾದವರದು. ನಾನು ಬಲದಿಂದ ಮೂರನೆಯವನು. ಸನದ್‌ನ ಜಾಗ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ.

ಅವತ್ತು ಚಪ್ಪಲಿಗಳ ಪಕ್ಕದಿಂದ ಪೆನ್ನು ಹೊರಟಿತು. ಕೈಯಿಂದ ಕೈಗೆ ದಾಟುತ್ತ ಬಂತು. ನಮ್ಮಲ್ಲಿ ಒಳ್ಳೆಯ ವಸ್ತು ಕಂಡೊಡನೆ ಬಾಯಿಂದ ಮೊದಲು "ಮಾಶಾಅಲ್ಲಾ" ಬೀಳಬೇಕು; ಬೀಳದಿದ್ದರೆ ಕಣ್ಣು ಬಿತ್ತೆಂದು ಲೆಕ್ಕ. ಹದಿನಾಲ್ಕು ಬಾಯಿಗಳಿಂದ ಬಿತ್ತು. ಪೆನ್ನು ನನ್ನ ಅಂಗೈಗೆ ಬಂತು.

ನಾನೂ ಬಾಯಿ ತೆರೆದೆ. ದೇವರ ಹೆಸರಿನ ಮಾತು, ದಿನಕ್ಕೆ ಐವತ್ತು ಸಲ ಹೇಳುವ ಮಾತು, ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತು. ಹೊರಗೆ ಬಂದದ್ದು ಬೇರೆಯೇ.

"ಸ್ವಲ್ಪ ಭಾರ ಹೆಚ್ಚಾಯ್ತು."

ಕೋಣೆ ಕಿವಿ ನಿಮಿರಿಸಿತು.

"ಉಸ್ತಾದನಿಗೆ ಕೈ ಭಾರವೋ, ಎದೆ ಭಾರವೋ?" ಎಂದ ಮೀನು ವ್ಯಾಪಾರಿ ಖಲ್ಫಾನ್. ಎಲ್ಲರೂ ನಕ್ಕರು.

"ನಿಬ್ಬು ಕೂಡ ಗಟ್ಟಿ ಇದ್ದ ಹಾಗಿದೆ," ಎಂದೆ ನಾನು. ಅದು ಬೆಣ್ಣೆಯಂತಿತ್ತು.

"ಮೂರು ಸಲ ಅಂಗಡಿಗೆ ಹೋಗಿ ನೋಡಿದಾಗ ಗೊತ್ತಾಗ್ಲಿಲ್ವಾ ಗಟ್ಟಿ ಅಂತ?" ಖಲ್ಫಾನ್ ಬಿಡುವವನಲ್ಲ.

ಆಗ ಸನದ್ ಬಾಗಿಲ ಹತ್ತಿರದಿಂದ ಹೇಳಿದ: "ಏ ಬಿಡಿ ಅವನ್ನ. ತಗೋ ಹಿಲಾಲ್, ನಿನ್ನದೇ ಅಂದ್ಕೋ. ನಿನಗಿಂತ ಹೆಚ್ಚಾ ಇದು?"

ಇದು ನಾವೆಲ್ಲ ಆಡುವ ಮಾತೇ. ಯಾರಾದರೂ ನಮ್ಮ ವಸ್ತುವಿನ ಮೇಲೆ ಕಣ್ಣಿಟ್ಟರೆ "ತಗೋ, ನಿನ್ನದೇ" ಎನ್ನುತ್ತೇವೆ. ಗಡಿಯಾರಕ್ಕೂ ಅನ್ನುತ್ತೇವೆ, ಕಾರಿಗೂ ಅನ್ನುತ್ತೇವೆ, ಖಲ್ಫಾನ್ ಒಮ್ಮೆ ತನ್ನ ಅತ್ತೆಯ ಬಗ್ಗೆಯೂ ಅಂದಿದ್ದಾನೆ. ಕೇಳಿಸಿಕೊಂಡವನು ಎದೆಯ ಮೇಲೆ ಕೈಯಿಟ್ಟು "ನಿನ್ನ ಹತ್ರಾನೇ ಚಂದ, ದೇವರು ನಿಂಗೆ ಅದರಲ್ಲಿ ಒಳ್ಳೇದು ಮಾಡ್ಲಿ" ಎನ್ನಬೇಕು. ಅಲ್ಲಿಗೆ ಮುಗಿಯಿತು. ನಡೆಯಲು ಬಂದ ಮಗುವಿಗೂ ಇದು ಗೊತ್ತು.

ಎದೆಯ ಮೇಲೆ ಕೈಯಿಟ್ಟೆ. ಆ ಕೈಯಲ್ಲಿ ಪೆನ್ನಿತ್ತು. ಎದೆಯ ಮೇಲೆ ಜೇಬಿತ್ತು.

"ಸರಿ," ಎಂದೆ.

ಕಾಫಿ ಸುರಿಯುತ್ತಿದ್ದವನ ಕೂಜದ ಮೂತಿಯಿಂದ ಕಾಫಿ ಬಟ್ಟಲು ದಾಟಿ ಜಮಖಾನದ ಮೇಲೆ ಬಿತ್ತು. ಬು ಜಬ್ರ್ ಬಾಯಿ ತೆರೆದು, ತನ್ನ ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿದ: "ಅವನು ಸರಿ ಅಂದ್ನಾ?"

ನನಗೂ ನನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಇನ್ನೂ ತಮಾಷೆ ಎಂದು ತಿರುಗಿಸಬಹುದಿತ್ತು. ಊರಿಗೆಲ್ಲ ನನ್ನ ನಕಲಿ ಗೊತ್ತು, ಯಾರದೋ ದನಿಯಲ್ಲಿ ಎರಡು ಮಾತಾಡಿ ನಗಿಸಿ ಹಿಂದಕ್ಕೆ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪೆನ್ನು ಜೇಬಿನ ಬಟ್ಟೆಗೆ ಕೊಕ್ಕೆ ಹಾಕಿ ಕುಳಿತಾಗಿತ್ತು. ಆ ಸಣ್ಣ 'ಟಿಕ್' ಸದ್ದು ಕೇಳಿದ ಮೇಲೆ ನನ್ನ ಬಾಯಿಗೆ ಬೀಗ ಬಿತ್ತು.

ಸನದ್ ನನ್ನನ್ನು ನೋಡಿದ. ಹದಿನೈದು ಜನ ಸನದ್‌ನನ್ನು ನೋಡಿದರು. ಅವನು ಎದ್ದ, ಚಪ್ಪಲಿ ಹಾಕಿಕೊಂಡ, ಹೊರಗೆ ಹೋದ. ಜಗಳಕ್ಕೆ ಯಾರನ್ನಾದರೂ ಕರೆತರಬಹುದು ಅಂದುಕೊಂಡೆವು. ಅವನು ಕಾರಿನಿಂದ ಕಂದು ತೊಗಲಿನ ಪೆಟ್ಟಿಗೆ ತಂದು ನನ್ನ ಮಡಿಲಲ್ಲಿಟ್ಟ.

"ಪೆಟ್ಟಿಗೆ ಇಲ್ದೆ ಯಾರಾದ್ರೂ ಪೆನ್ನು ಕೊಡ್ತಾರಾ? ಒಳಗೆ ಮಸಿ ಬಾಟ್ಲಿನೂ ಇದೆ," ಎಂದ. "ಹಾಯಾಗಿ ಬರಿ."

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಪೆಟ್ಟಿಗೆ ತೆರೆದೆ. ನೀವು ಏನೇ ಹೇಳಿ, ಆ ಮೊದಲ ಗಂಟೆ ನನ್ನದು. ನಿಬ್ಬನ್ನು ಬಾಟಲಿಯಲ್ಲಿ ಮುಳುಗಿಸಿ ಹಿಂಬದಿಯ ಗುಂಡಿ ತಿರುಗಿಸಿದಾಗ, ಬಾಯಾರಿದ ಒಂಟೆ ನೀರು ಎಳೆಯುವಂತೆ ಅದು ಮಸಿ ಎಳೆಯಿತು. ಆಳ ಸಮುದ್ರದ ಬಣ್ಣ. ಒಣಗುವಾಗ ಅಂಚಿನಲ್ಲಿ ಕೆಂಪು ಮಿಂಚು. ಅರಬ್ಬೀಯ ಬಟ್ಟಲಿನಾಕಾರದ ನ-ಕಾರ 'ನೂನ್' ಒಂದನ್ನು ಬರೆದೆ. ಬಟ್ಟಲು ತಾನಾಗಿ ದುಂಡಗಾಯಿತು. ಅದರೊಳಗೆ ಚುಕ್ಕೆ ಇಟ್ಟೆ. ಚಿಪ್ಪಿನಲ್ಲಿ ಮುತ್ತು ಕೂತಂತೆ ಕೂತಿತು. ಮತ್ತೊಂದು ಬರೆದೆ. ಪುಟ ತುಂಬಿತು. ಕಾಗದದ ಮೇಲೆ ನಿಬ್ಬಿನ ಸದ್ದು, ರೇಷ್ಮೆಯ ಮೇಲೆ ಬೆಕ್ಕು ನಡೆದ ಹಾಗೆ, ಇದೆಯೋ ಇಲ್ಲವೋ.

ಮೋಜಾ ಬಾಗಿಲಲ್ಲಿ ನಿಂತಿದ್ದಳು. ಸುದ್ದಿ ನನಗಿಂತ ಮೊದಲೇ ಹಿತ್ತಿಲ ಬಾಗಿಲಿಂದ ಬಂದಿತ್ತು.

"ಕೊಟ್ರಾ, ಕಿತ್ಕೊಂಡ್ರಾ?"

"ಕೊಟ್ಟ. ಎಲ್ಲರೆದುರು ಕೊಟ್ಟ."

"ನಾಳೆ ನಾನು ಬೀದೀಲಿ ಹೋಗುವಾಗ ಯಾರಾದ್ರೂ 'ನಮ್ಮನೆ ನಿಮ್ಮನೆ ಥರ, ಬನ್ನಿ' ಅಂದ್ರೆ ಹಾಸಿಗೆ ಸುತ್ಕೊಂಡು ಹೋಗ್ಲಾ?"

ಇನ್ನೊಂದು ನೂನ್ ಬರೆದೆ. ಅದು ಸ್ವಲ್ಪ ಸೊಟ್ಟಗಾಯಿತು.

ಮರುದಿನದಿಂದ ಶುರುವಾಯಿತು. ರೊಟ್ಟಿಯಂಗಡಿಯವನು ನನ್ನ ಜೇಬು ನೋಡಿ ಕೈ ಒರೆಸಿಕೊಂಡು ಬಂದ. "ಇದೇನಾ ಸನದ್ ಕೊಟ್ಟಿದ್ದು? ಅಬ್ಬಾ, ಎಂಥ ಮನುಷ್ಯ!" ಪೆನ್ನಿನ ಬಗ್ಗೆ ಒಂದು ಮಾತಿಲ್ಲ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕಕ್ಕೆ ನಾನು ಸಹಿ ಹಾಕುವುದನ್ನು ನಿಂತು ನೋಡಿದರು. ಎಂಥ ಚಂದದ ಸಹಿ ಎನ್ನುತ್ತಾರೆಂದು ಕಾದೆ. "ಇಂಥ ಗೆಳೆಯರು ಇರಬೇಕು ಉಸ್ತಾದ್," ಎಂದರು. ಕ್ಷೌರದಂಗಡಿಯಲ್ಲಿ ನನ್ನ ಮುಖದ ಮೇಲೆ ನೊರೆ ಹಚ್ಚಿಟ್ಟು ನಾಲ್ಕು ಜನ ಸನದ್‌ನ ಗುಣಗಾನ ಮಾಡಿದರು. ನೊರೆ ಒಣಗಿತು. ಮುಂದಿನ ಶುಕ್ರವಾರ ಮಜ್ಲಿಸ್‌ಗೆ ಹೋದರೆ ಬು ಜಬ್ರ್‌ನ ಬಲಗಡೆ, ಮೊದಲನೆಯ ಮೆತ್ತೆಯ ಮೇಲೆ, ಸನದ್ ಕುಳಿತಿದ್ದಾನೆ! ನಾನು ಒಂದು ಜಾಗ ಕೆಳಗೆ ಸರಿದಿದ್ದೆ. ಕಾಫಿ ಮೊದಲು ಅವನಿಗೆ.

ಪೆನ್ನು ನನ್ನ ಜೇಬಿನಲ್ಲಿ, ಪೆನ್ನಿನ ಹೆಸರು ಅವನ ಜೇಬಿನಲ್ಲಿ. ಮೊದಲು ನನ್ನ ಹೊಟ್ಟೆ ಉರಿದದ್ದು ಅವನ ಬಳಿ ಪೆನ್ನಿದ್ದುದಕ್ಕೆ. ಈಗ ಉರಿಯುತ್ತಿರುವುದು ಅವನ ಬಳಿ ಪೆನ್ನಿಲ್ಲದಿರುವುದಕ್ಕೆ. ಇಂಥ ಉರಿಗೆ ಯಾವ ಮದ್ದಂಗಡಿಯಲ್ಲಿ ಏನು ಕೇಳಲಿ?

ಹಿಂದಕ್ಕೆ ಕೊಡೋಣವೆಂದರೆ ಕೊಟ್ಟದ್ದನ್ನು ತಿರುಗಿಸುವುದು ಮುಖಕ್ಕೆ ಹೊಡೆದ ಹಾಗೆ. ಉಳಿದದ್ದು ಒಂದೇ ದಾರಿ: ಸನದ್ ಪೆನ್ನನ್ನು ಹೊಗಳಬೇಕು, ನಾನು "ತಗೋ, ನಿನ್ನದೇ" ಎನ್ನಬೇಕು. ಆಗ ಅವನು ತೆಗೆದುಕೊಂಡರೆ ನಾವಿಬ್ಬರೂ ಸಮ. ತೆಗೆದುಕೊಳ್ಳದಿದ್ದರೂ ಉದಾರಿಯ ಹೆಸರು ನನಗೆ ಬರುತ್ತದೆ. ಆ ಶುಕ್ರವಾರ ಮಜ್ಲಿಸ್‌ನುದ್ದಕ್ಕೂ ಅದಕ್ಕೇ ಮಸಲತ್ತು ಮಾಡಿದೆ. ಕಾರಣವಿಲ್ಲದೆ ಪೆನ್ನು ತೆಗೆದು ಬೆಳಕಿಗೆ ಹಿಡಿದೆ.

"ಸನದ್, ಈ ಬೆಳಕಲ್ಲಿ ಬಣ್ಣ ಹೇಗೆ ಕಾಣತ್ತೆ ನೋಡು."

"ನೋಡಿದ್ದೀನಿ."

"ನೀಲಿನೋ, ಗುಲಾಬಿನೋ?"

"ನೀನು ಹೇಳಿದ ಬಣ್ಣ."

"ಮಸಿ ಹೇಗಿದೆ?"

"ಮಸಿ ಮಸಿ ಥರ ಇದೆ."

"ಒಂದು ಸಾಲು ಬರೆದಾದ್ರೂ ನೋಡೋ!"

"ನಂಗ್ಯಾಕೆ? ನಿಂದು, ನೀನು ಬರಿ. ದೇವರು ನಿಂಗೇ ಒಳ್ಳೇದು ಮಾಡ್ಲಿ," ಎಂದು ಸನದ್ ಖರ್ಜೂರದ ಬೀಜ ತಟ್ಟೆಯತ್ತ ಉಗುಳಿದ. ಆಳು ಗಟ್ಟಿ ಕಬ್ಬಿಣ. ಆದರೆ ಬೀಜ ತಟ್ಟೆಯ ಹೊರಗೆ ಬಿದ್ದದ್ದನ್ನು ನಾನು ಗಮನಿಸಿದೆ.

"ಉಸ್ತಾದ್ ಪೆನ್ನು ಮಾರ್ತಿದ್ದಾನಾ ಏನು?" ಎಂದು ಖಲ್ಫಾನ್ ಕೇಳಿದ. "ಹಾಜಿ ಗುಲೂಮನ ದನಿಯಲ್ಲಿ ಹೇಳು, ಹೋಗತ್ತೆ."

ಯಾರ ದನಿಯೂ ಬರಲಿಲ್ಲ. ಒಂದು ವಾರದಿಂದ ನನ್ನ ನಕಲಿಗಳೆಲ್ಲ ಒಣಗಿಹೋಗಿದ್ದವು. ಆ ಕೋಣೆಯಲ್ಲಿ ನಗಿಸದ ನನಗೆ ಬೆಲೆಯೇನು ಎಂಬ ಭಯವೂ ಅಂದೇ ಹುಟ್ಟಿತು. ಅದಕ್ಕಿಂತ ಕೆಟ್ಟದ್ದು, ಮಜ್ಲಿಸ್ ಮುಗಿದಾಗ ಸನದ್ ನನಗಾಗಿ ಬಾಗಿಲಲ್ಲಿ ನಿಲ್ಲಲಿಲ್ಲ. ನಲವತ್ತು ವರ್ಷಗಳಿಂದ ನಾವಿಬ್ಬರೂ ಒಟ್ಟಿಗೇ ಓಣಿ ಇಳಿದು ಮನೆಗೆ ಹೋಗುವವರು. ಅವನು ಬು ಜಬ್ರ್‌ನ ಮಕ್ಕಳ ಜೊತೆ ಹೋದ. ಹಿಂದೆ ನಾನು, ನನ್ನ ಜೇಬಿನಲ್ಲಿ ಅರವತ್ತೊಂದನೆಯ ನಂಬರು.

ಅದರ ಮುಂದಿನ ಮಂಗಳವಾರ, ಶಾಲೆಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಉಮ್ಮ್ ಸನದ್ ಬಂದಳು, ಸನದ್‌ನ ತಾಯಿ. ಎಪ್ಪತ್ತೆಂಟು ವರ್ಷ. ಹೇಳದೆ ಕೇಳದೆ ಬಂದು ನಡುಮನೆಯಲ್ಲಿ ಕಾಲು ಚಾಚಿ ಕುಳಿತು, ಕಪ್ಪು ಬಟ್ಟೆಯೊಳಗಿಂದ ಕಾಫಿಯ ಫ್ಲಾಸ್ಕನ್ನೂ ಒಂದು ಸಣ್ಣ ಬಟ್ಟಲನ್ನೂ ತೆಗೆದಳು.

"ಕುಡಿ."

"ಅಮ್ಮಾ, ನಮ್ಮನೇಲಿ ಕಾಫಿ ಇಲ್ವಾ? ಮೋಜಾ ಮಾಡ್ತಾಳೆ..."

"ಕುಡಿ ಅಂದೆ. ಪೂರ್ತಿ ಕುಡೀಬೇಡ. ತಳದಲ್ಲಿ ಸ್ವಲ್ಪ ಬಿಡು."

ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಯಾರ ಕಣ್ಣು ಬಿದ್ದಿದೆಯೋ ಅವನ ಎಂಜಲು ಕಾಫಿಯನ್ನು ಕಣ್ಣು ತಗುಲಿದವನಿಗೆ ಕುಡಿಸಿದರೆ ದೃಷ್ಟಿ ಇಳಿಯುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಜನ ಇದನ್ನು ಕದ್ದು ಮಾಡುತ್ತಾರೆ. ಅತಿಥಿ ಎದ್ದು ಹೋದ ಮೇಲೆ ಬಟ್ಟಲು ಎತ್ತಿಡುತ್ತಾರೆ. ಎದುರಿಗೇ ಬಂದು, ಫ್ಲಾಸ್ಕ್ ತಂದು, ಎಂಜಲು ಮಾಡಿಕೊಡು ಎನ್ನುವ ಧೈರ್ಯ ಇಡೀ ಮುಹರ್ರಕ್‌ನಲ್ಲಿ ಇವಳೊಬ್ಬಳಿಗೇ.

"ನನ್ನ ಕಣ್ಣಾ ಅಮ್ಮಾ? ಸನದ್ ಮೇಲೆ?"

"ಮತ್ತೆ ಯಾರದ್ದು? ಎರಡು ವಾರದಿಂದ ಮೀನು ತಟ್ಟೇಲೇ ಬಿಡ್ತಿದ್ದಾನೆ. ಹುರಿದ ಸಾಫಿ ಮೀನು ಕಣೋ! ಬಿಡೋ ಜಾತಿಯಾ ಅವನು?"

"ನೋಡಮ್ಮಾ, ಪೆನ್ನು ನನ್ನ ಹತ್ರ ಇದೆ. ಇದ್ದೋನು ಇಲ್ಲದೋನ ಮೇಲೆ ಯಾಕೆ ಕಣ್ಣು ಹಾಕ್ತಾನೆ?"

"ಅದನ್ನೇ ನಾನು ಕೇಳ್ತಿರೋದು. ಕನ್ನಡಿ ನೋಡ್ಕೊಂಡಿದ್ದೀಯಾ? ಹುಳಿ ಮಜ್ಜಿಗೆ ಕುಡಿದ ಮೇಕೆ ಥರ ಆಗಿದೆ ಮುಖ."

ಒಳಗಡೆ ಮೋಜಾ ಬಾಯಿಗೆ ಮುಸುಕು ಒತ್ತಿಕೊಂಡು ನಕ್ಕ ಸದ್ದಾಯಿತು.

ನನಗೆ ರೇಗಿತು. "ಕಣ್ಣು ಹಾಕಿರೋನು ನಿನ್ನ ಮಗ! ಮೊನ್ನೆ ಮಜ್ಲಿಸ್‌ನಲ್ಲಿ ನನ್ನ ಪೆನ್ನನ್ನ ನೋಡ್ದೆ ಇರೋಕೆ ಎಷ್ಟು ಕಷ್ಟಪಟ್ಟ ಗೊತ್ತಾ? ಒಂದು ಒಳ್ಳೇ ಮಾತು ಬಾಯಿಂದ ಬರ್ಲಿಲ್ಲ!"

ಮುದುಕಿ ಫ್ಲಾಸ್ಕಿನ ಮುಚ್ಚಳ ಮತ್ತೆ ತಿರುಗಿಸಿದಳು. "ಹಾಗೋ?" ಎಂದಳು. "ಕರೀ ಅವನ್ನ. ಮೋಜಾ, ಇನ್ನೊಂದು ಬಟ್ಲು ತಾಮ್ಮಾ."

ಸನದ್ ಹತ್ತು ನಿಮಿಷದಲ್ಲಿ ಬಂದ. ಉಗುರಿನಲ್ಲಿ ಇಂಜಿನ್ ಎಣ್ಣೆಯ ಕಪ್ಪು. ತಾಯಿಯನ್ನೂ ಬಟ್ಟಲುಗಳನ್ನೂ ನೋಡಿ ಬಾಗಿಲಲ್ಲೇ ನಿಂತ.

"ಅಮ್ಮಾ, ಮಾನ ಕಳೀತಿದ್ದೀಯ."

"ಉಳಿದಿದ್ರೆ ತಾನೇ ಕಳೆಯೋದು? ಕೂತ್ಕೋ. ಕುಡಿ. ತಳದಲ್ಲಿ ಬಿಡು. ಹಿಲಾಲ್, ನೀನೂ."

ಐವತ್ತೆರಡು ವರ್ಷದ ಇಬ್ಬರು ಗಂಡಸರು ಎದುರುಬದುರು ಕುಳಿತು ಅರ್ಧರ್ಧ ಬಟ್ಟಲು ಕಾಫಿ ಕುಡಿದೆವು. ಉಮ್ಮ್ ಸನದ್ ಎರಡೂ ಬಟ್ಟಲು ಕಿತ್ತುಕೊಂಡು ಅದಲುಬದಲು ಮಾಡಿದಳು.

"ಈಗ ಅವನದ್ದು ನೀನು, ನಿನ್ನದ್ದು ಅವನು. ಯಾರ ಕಣ್ಣೋ ಎಲ್ಲ ಒಟ್ಟಿಗೇ ಹೋಗ್ಲಿ."

ಅವನ ಎಂಜಲು ಕುಡಿದೆ. ಏಲಕ್ಕಿ ತಳದಲ್ಲೇ ಇತ್ತು. ಸನದ್ ನನ್ನದನ್ನು ಒಂದೇ ಗುಟುಕಿಗೆ ಮುಗಿಸಿ ಮುಖ ಕಿವುಚಿದ.

"ಇನ್ನು ಹೇಳು," ಎಂದಳು ಮಗನಿಗೆ. "ಅಂಗಡಿ ಚೀಟಿ ಬರೆಯೋಕೇ ನಿಂಗೆ ಬೇಜಾರು. ಪೆನ್ನು ಯಾಕೆ ತಗೊಂಡೆ?"

ಸನದ್ ಉಗುರಿನ ಕಪ್ಪನ್ನು ಕೆರೆದ. "ಇವನು ಆ ಶುಕ್ರವಾರ ಪೆನ್ನಿನ ಕಥೆ ಹೇಳ್ತಿದ್ನಲ್ಲ, ಎಲ್ರೂ ಬಾಯಿಬಿಟ್ಕೊಂಡು ಇವನ ಮುಖಾನೇ ನೋಡ್ತಿದ್ರು. ಯಾವಾಗ್ಲೂ ಹಾಗೇ. ನಾನು ಚಪ್ಪಲಿ ಹತ್ರ ಕೂತು ನಲವತ್ತು ವರ್ಷದಿಂದ ನಗ್ತಾ ಬಂದಿದ್ದೀನಿ. ಒಂದು ದಿನ ನನ್ನ ಮುಖ ನೋಡ್ಲಿ ಅನ್ನಿಸ್ತು."

"ನೋಡಿದ್ರಲ್ಲ," ಎಂದೆ ನಾನು. "ಈಗ ಬಲಗಡೆ ಕೂರಿಸಿದ್ದಾರಲ್ಲ, ಇನ್ನೇನು?"

"ಕೂರಿಸಿದ್ದಾರೆ. ಅಲ್ಲಿ ಕೂತು ನಿನ್ನ ಜೇಬು ನೋಡೋ ಕೆಲಸ ಆಗಿದೆ." ಅವನು ತಲೆ ಎತ್ತಲಿಲ್ಲ. "ತಗೊಂಡ ದಿನ ಅದರಲ್ಲಿ ನನ್ನ ಹೆಸರು ಬರೆದೆ ಹಿಲಾಲ್. ಸುಮ್ನೆ. ಮೊದಲ ಸಲ ಅದು ಹೆಸರಿನ ಥರ ಕಾಣಿಸ್ತು. ಮತ್ತೆ ಬರೆದೆ. ಎರಡು ಪುಟ ಬರೆದೆ. ಅಲ್ಲೀತನಕ ಅದು ನಿನ್ನ ಮೇಲಿನ ಹಟ. ಆಮೇಲೆ ನಂಗೆ ಅದು ನಿಜವಾಗ್ಲೂ ಬೇಕಾಯ್ತು. ಶುಕ್ರವಾರ ಬಾಯಿ ಜಾರಿ ತಗೋ ಅಂದೆ. ನೀನು ತಗೊಳ್ತೀಯ ಅಂತ ಯಾವ ಮನುಷ್ಯ ಅಂದ್ಕೊಳ್ತಾನೆ?"

ಯಾರ ದನಿಯಾದರೂ ಸಿಕ್ಕೀತೇ ಎಂದು ತಡಕಾಡಿದೆ. ಸಿಕ್ಕಿದ್ದು ನನ್ನದೇ, ಸ್ವಲ್ಪ ತುಕ್ಕು ಹಿಡಿದದ್ದು.

"ಹೊಟ್ಟೆ ಉರೀತು ಕಣೋ," ಎಂದೆ. "ಈಗ್ಲೂ ಉರೀತಿದೆ. ಪೆನ್ನಿಗೆ ಉರೀತು, ಹೆಸರಿಗೆ ಉರೀತು, ಈಗ ನೀನು ಎರಡು ಪುಟ ಬರೆದೆ ಅಂದ್ಯಲ್ಲ, ಅದಕ್ಕೂ ಉರೀತಿದೆ. ತಗೊಂಡು ಹೋಗು."

"ಕೊಟ್ಟಿದ್ದನ್ನ ನಾನು ತಗೊಳ್ಳಲ್ಲ."

"ತಗೋಬೇಕು."

"ತಗೊಳ್ಳಲ್ಲ. ಊರು ಏನನ್ನತ್ತೆ?"

"ಇಲ್ಲಿ ಕೊಡು," ಎಂದಳು ಉಮ್ಮ್ ಸನದ್, ಅಂಗೈ ಚಾಚಿ. ನಾನು ಜೇಬಿನಿಂದ ತೆಗೆದುಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮುತ್ತನ್ನು ಉಗುರಿನಿಂದ ತಟ್ಟಿದಳು. "ಚಿಕ್ಕದು. ನನ್ನ ಮದುವೇಲಿ ಇದಕ್ಕಿಂತ ದೊಡ್ಡದನ್ನ ಕೋಳಿ ನುಂಗಿತ್ತು." ಕಪ್ಪು ಬಟ್ಟೆಯ ಮಡಿಕೆಯಲ್ಲಿ ಪೆನ್ನು ಮಾಯವಾಯಿತು. "ಇವತ್ತಿಂದ ಇದು ನಂದು. ನಿಮ್ಮಿಬ್ಬರಿಗೂ ಎರವಲು. ಒಂದು ವಾರ ಇವನು, ಒಂದು ವಾರ ಅವನು. ಶನಿವಾರ ಬೆಳಿಗ್ಗೆ ಬದಲು. ಆ ಕೆಂಪು ಸೈಕಲ್ಲಿಗೆ ಹೊಡೆದಾಡ್ತಿದ್ದಾಗಲೂ ಹೀಗೇ ಮಾಡಿದ್ದೆ. ಆಗ ನಿಮಗೆ ಒಂಬತ್ತು ವರ್ಷ. ಬುದ್ಧಿ ಈಗಿನದಕ್ಕಿಂತ ಚೆನ್ನಾಗಿತ್ತು."

"ಮೊದಲ ವಾರ ಯಾರಿಗೆ?" ಇಬ್ಬರೂ ಒಟ್ಟಿಗೇ ಕೇಳಿದೆವು.

"ಮೀನು ತಿನ್ನದೆ ಇರೋನಿಗೆ."

ಹೊರಡುವಾಗ ಸನದ್ ಬಾಗಿಲಲ್ಲಿ ನಿಂತ. ಚಪ್ಪಲಿ ಹಾಕಿಕೊಂಡು ಓಣಿಯ ತಿರುವಿನ ತನಕ ಅವರ ಜೊತೆ ನಡೆದೆ. ಮುದುಕಿ ಇಬ್ಬರ ಪಾಲಿನದನ್ನೂ ಮಾತಾಡಿದಳು.

ಇದಾಗಿ ಮೂರು ತಿಂಗಳು. ಮಜ್ಲಿಸ್‌ನಲ್ಲಿ ಜನರಿಗೆ ಈಗ ಯಾರು ಉದಾರಿ, ಯಾರು ದುರಾಸೆಯವನು ಎಂದು ಗೊಂದಲವಾಗಿ, ಇಬ್ಬರನ್ನೂ ನಡುವಿನ ಮೆತ್ತೆಗಳಿಗೆ ತಳ್ಳಿದ್ದಾರೆ. ನನ್ನ ವಾರದಲ್ಲಿ ನಾನು ಸುಖಿ. ನೂನ್‌ಗಳು ದುಂಡಗಿವೆ. ಹಾಜಿ ಗುಲೂಮನ ದನಿ ತಿರುಗಿ ಬಂದಿದೆ; ಹೊಸದಾಗಿ ಉಮ್ಮ್ ಸನದ್‌ಳನ್ನೂ ಕಲಿತಿದ್ದೇನೆ, ಅವಳ ಮಗನೇ ಹೆಚ್ಚು ನಗುತ್ತಾನೆ.

ಅವನ ವಾರದ್ದೇ ಕಷ್ಟ. ಚಿನ್ನದ ನಿಬ್ಬು ಬರೆಯುವವನ ಕೈಗೆ ತಕ್ಕಂತೆ ಸವೆಯುತ್ತದೆಂದು ಪೆನ್ನು ಬಲ್ಲವರು ಹೇಳುತ್ತಾರೆ. ಶನಿವಾರ ನನ್ನ ಕೈಗೆ ಬಂದಾಗ ಅದು ಮೊದಲ ಎರಡು ಸಾಲು ಅವನ ಕಡೆಗೆ ವಾಲುತ್ತದೆ, ಗಂಡನ ಮನೆಗೆ ಬಂದೂ ತವರಿನ ದಾರಿ ನೋಡುವವಳ ಹಾಗೆ. ನಾನು ಒಂದು ವಾರವಿಡೀ ಬರೆದು ನನ್ನ ಕಡೆಗೆ ತಿರುಗಿಸಿಕೊಳ್ಳುತ್ತೇನೆ. ಅಷ್ಟರಲ್ಲಿ ಮತ್ತೆ ಶನಿವಾರ.

ಇವತ್ತು ಮಂಗಳವಾರ, ಅವನ ವಾರ. ತಡೆಯಲಾಗದೆ ಶಾಲೆ ಬಿಟ್ಟೊಡನೆ ಬಂದರಿನ ಅಂಗಡಿಗೆ ಹೋದೆ. ಸುಮ್ಮನೆ ಪೆನ್ನು ನೋಡಲು ಬಂದೆ ಎನ್ನಲು ಆದೀತೇ? ಒಂದು ಸ್ಪಾರ್ಕ್ ಪ್ಲಗ್ ಕೊಡು ಎಂದೆ. ಸನದ್ ಚೀಟಿ ಬರೆಯಲು ಕುಳಿತ. ಮುಚ್ಚಳ ತಿರುಗಿಸಿ ಬಿಚ್ಚಿ, ಹಿಂದಕ್ಕೆ ಸಿಕ್ಕಿಸಿ, ಕಾಗದ ನೇರ ಮಾಡಿ, ನಿಧಾನವಾಗಿ, ನಾಲಗೆಯ ತುದಿ ಹೊರಗೆ ಹಾಕಿ ಬರೆದ. ಬಲೆಯಲ್ಲಿ ಸಿಕ್ಕಿದ್ದ ಏಡಿ ಬಿಡಿಸಿಕೊಂಡು ಹೋಗಿತ್ತು. ಸನದ್ ಎನ್ನುವ ಹೆಸರಿನ ನಡುವಿನ ನೂನ್ ನನ್ನ ಯಾವ ಹುಡುಗನೂ ಇಪ್ಪತ್ತೇಳು ವರ್ಷದಲ್ಲಿ ಬರೆಯದಷ್ಟು ಚೆನ್ನಾಗಿತ್ತು.

"ಹೇಗಿದೆ ಉಸ್ತಾದ್?" ಎಂದು ಚೀಟಿಯನ್ನು ನನ್ನ ಕಡೆಗೆ ತಿರುಗಿಸಿದ.

"ಬಾಲ ಸ್ವಲ್ಪ ಉದ್ದ ಆಯ್ತು," ಎಂದು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡೆ.

ಮನೆಯಲ್ಲಿ ಈಗ ಒಂಬತ್ತು ಸ್ಪಾರ್ಕ್ ಪ್ಲಗ್‌ಗಳಿವೆ. ನಮಗೆ ದೋಣಿ ಇಲ್ಲ.